ಎತ್ತು ಯಾರದ್ದು, ನೊಗ ಯಾರ ಕೈಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಗಳದವು. ಅವರವರ ಡೆಕ್ ತಂದು ಆಡುವ ಕಾರ್ಡ್ ಆಟ ಮ್ಯಾಜಿಕ್: ದಿ ಗ್ಯಾದರಿಂಗ್ ಆಡುವಾಗ ಎದುರಾಳಿಯ ಕಾರ್ಡ್ ನಮ್ಮ ಕಡೆ ಬರುತ್ತದೆ. ಈಗ ಅದು ಯಾರದ್ದು? ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ಈ ಆಟದ ಮೊದಲ ಸೆಟ್‌ನಲ್ಲೇ ‘ಕಂಟ್ರೋಲ್ ಮ್ಯಾಜಿಕ್’ ಅನ್ನುವ ಕಾರ್ಡ್ ಇತ್ತು. ಅಂದರೆ ಕದಿಯುವುದು, ಕದ್ದದ್ದಕ್ಕೆ ಕಿತ್ತಾಡುವುದು ಎರಡಕ್ಕೂ ಆಟದಷ್ಟೇ ವಯಸ್ಸು. ನಿಯಮಗಳ ಪುಸ್ತಕ 200 ಪುಟ ದಾಟಿದೆ. ಹೆದರಬೇಡಿ, ಇವತ್ತಿಗೆ ನಮಗೆ ಬೇಕಾದ್ದು ಅದರಲ್ಲಿ ಹತ್ತಿಪ್ಪತ್ತು ಸಾಲು ಅಷ್ಟೇ.

ಪ್ರಶ್ನೆ: ಎದುರಾಳಿಯ ಕ್ರಿಯೇಚರ್ (ಕಾದಾಡುವ ಜೀವಿಯ ಕಾರ್ಡ್) ಒಂದನ್ನು ಆ ಟರ್ನ್ ಮಟ್ಟಿಗೆ ನಮಗೆ ಕೊಡುವ ‘ಆಕ್ಟ್ ಆಫ್ ಟ್ರೀಸನ್’ ಹಾಕಿ ಗೆಳೆಯನ ‘ಸಾಲೆಮ್ ಸಿಮ್ಯುಲಾಕ್ರಮ್’ ಕಿತ್ತುಕೊಂಡೆ. ಅದರಿಂದಲೇ ಅವನಿಗೆ ಹೊಡೆದೆ. ಆಮೇಲೆ ನನ್ನ ‘ವಿಸೆರಾ ಸಿಯರ್’ಗೆ ಅದನ್ನು ಸ್ಯಾಕ್ರಿಫೈಸ್ ಮಾಡಿದೆ, ಅಂದರೆ ಬಲಿ ಕೊಟ್ಟೆ. ಸತ್ತಾಗ ಒಂದು ಕಾರ್ಡ್ ಎಳೆಯಬಹುದು ಅಂತ ಸಾಲೆಮ್ ಮೇಲೆ ಬರೆದಿದೆ. ನಾನು ಎಳೆದೆ. ‘ಕಾರ್ಡ್ ನನ್ನದು, ಹೋಗಿದ್ದು ನನ್ನ ಗ್ರೇವ್‌ಯಾರ್ಡ್‌ಗೆ, ಹಾಗಿದ್ದ ಮೇಲೆ ಎಳೆಯಬೇಕಾದವನು ನಾನು’ ಅಂತ ಅವನ ವಾದ. ಅರ್ಧ ಗಂಟೆ ಆಟ ನಿಂತಿತು. ಯಾರು ಸರಿ?

ನೀವು ಸರಿ. ಆದರೆ ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ನಿಜವಿದೆ. ಅರ್ಧ ನಿಜ ಇದ್ದದ್ದಕ್ಕೇ ಅರ್ಧ ಗಂಟೆ ಹಿಡಿಯಿತು.

ಊರ ಕಡೆ ಪಕ್ಕದ ಮನೆಯವರ ಎತ್ತನ್ನು ಒಂದು ದಿನಕ್ಕೆ ಕೇಳಿ ತರುತ್ತಾರಲ್ವಾ? ಬೆಳಗ್ಗೆಯಿಂದ ಸಂಜೆವರೆಗೆ ನೊಗ ನಿಮ್ಮ ಕೈಲಿ. ಎಲ್ಲಿ ಉಳಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ನಿಮ್ಮ ಮಾತು. ಉತ್ತ ಹೊಲದ ಬೆಳೆಯೂ ನಿಮ್ಮದೇ. ಆದರೆ ಎತ್ತು ಮಾತ್ರ ಅವರದ್ದು. ಈ ಆಟದಲ್ಲೂ ಹೀಗೆ ಎರಡು ಬೇರೆ ಬೇರೆ ಮಾತುಗಳಿವೆ. ಆಟ ಶುರುವಾದಾಗ ಕಾರ್ಡ್ ಯಾರ ಡೆಕ್‌ನಲ್ಲಿತ್ತೋ ಅವರು ಓನರ್. ಆಟ ಮುಗಿಯುವವರೆಗೂ ಅದು ಬದಲಾಗುವುದಿಲ್ಲ. ಈಗ ಅದನ್ನು ಆಡಿಸುವ ಹಕ್ಕು ಯಾರಿಗಿದೆಯೋ ಅವರು ಕಂಟ್ರೋಲರ್. ಇದು ಒಂದೇ ಟರ್ನ್‌ನಲ್ಲಿ ಮೂರು ಸಲ ಬೇಕಾದರೂ ಬದಲಾಗಬಹುದು.

ಈಗ ನಿಮ್ಮ ಜಗಳಕ್ಕೆ ಬರೋಣ. ಸ್ಯಾಕ್ರಿಫೈಸ್ ಮಾಡಬಲ್ಲವರು ಕಂಟ್ರೋಲರ್ ಮಾತ್ರ. ಅದು ನೀವು. ಸತ್ತ ಕಾರ್ಡ್ ಗ್ರೇವ್‌ಯಾರ್ಡ್‌ಗೆ ಹೋಗಬೇಕು. ಕೈ, ಲೈಬ್ರರಿ (ಕಾರ್ಡ್ ಎಳೆಯುವ ಕಟ್ಟು), ಗ್ರೇವ್‌ಯಾರ್ಡ್ ಈ ಮೂರಕ್ಕೂ ಕಾರ್ಡ್ ಹೋಗುವುದಾದರೆ ಓನರ್‌ನದ್ದಕ್ಕೇ ಹೋಗಬೇಕು ಅಂತ ನಿಯಮ. ಹಾಗಾಗಿ ಸಾಲೆಮ್ ಅವನ ಗ್ರೇವ್‌ಯಾರ್ಡ್‌ಗೇ ಹೋಯಿತು. ಗೆಳೆಯ ಇಲ್ಲಿವರೆಗೆ ಸರಿ. ಆದರೆ ‘ಸತ್ತಾಗ ನೀವು ಕಾರ್ಡ್ ಎಳೆಯಬಹುದು’ ಅನ್ನುವಾಗ ಆ ‘ನೀವು’ ಯಾರು? ಕಾರ್ಡ್ ಮೇಲೆ ‘ನೀವು’ ಅಂತ ಬರೆದಿದ್ದರೆ ಅದು ಕಂಟ್ರೋಲರ್‌ಗೆ ಹೇಳಿದ ಮಾತು. ಸಾವಿನ ಟ್ರಿಗರ್ (ಸತ್ತಾಗ ತಾನಾಗಿ ನಡೆಯುವ ಕೆಲಸ) ಬಂದಾಗ ಆಟ ಒಂದು ಕ್ಷಣ ಹಿಂದಕ್ಕೆ ತಿರುಗಿ ನೋಡುತ್ತದೆ. ಸಾಯುವ ಮುಂಚೆ ಅದು ಯಾರ ಕೈಕೆಳಗಿತ್ತು? ನಿಮ್ಮದು. ಎಳೆಯುವವರು ನೀವೇ.

ಇದೇ ಕಾರ್ಡ್ ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ: ಕಿತ್ತುಕೊಂಡಾಗ ಸಾಲೆಮ್‌ನ ಮೊದಲ ಸಾಲೂ ನಡೆಯುತ್ತದಾ, ನಾನೊಂದು ಲ್ಯಾಂಡ್ (ಕಾರ್ಡ್ ಹಾಕಲು ಬೇಕಾದ ‘ಮಾನಾ’ ಶಕ್ತಿ ಕೊಡುವ ಕಾರ್ಡ್) ಹುಡುಕಿಕೊಳ್ಳಬಹುದಾ? ಇಲ್ಲ. ಅದು ಬ್ಯಾಟಲ್‌ಫೀಲ್ಡ್‌ಗೆ, ಅಂದರೆ ಕಾರ್ಡ್ ಇಳಿಸುವ ಟೇಬಲ್ ಜಾಗಕ್ಕೆ, ಹೊಸದಾಗಿ ಬಂದಾಗ ಮಾತ್ರ. ಕೈ ಬದಲಾದರೆ ಬಂದ ಹಾಗಲ್ಲ, ಅದು ಅಲ್ಲೇ ಇತ್ತು.

ಪ್ರಶ್ನೆ: ಅಂಟಿಕೊಂಡ ಕ್ರಿಯೇಚರ್‌ನ ಕಂಟ್ರೋಲ್ ಕೊಡುವ ನನ್ನ ‘ಮೈಂಡ್ ಕಂಟ್ರೋಲ್’ ಎದುರಾಳಿಯ ಡ್ರ್ಯಾಗನ್ ಮೇಲೆ ಕೂತಿತ್ತು. ಅವರ ಟರ್ನ್‌ನಲ್ಲಿ ಅದೇ ಡ್ರ್ಯಾಗನ್ ಮೇಲೆ ‘ಆಕ್ಟ್ ಆಫ್ ಟ್ರೀಸನ್’ ಹಾಕಿದರು. ನನ್ನದು ಶಾಶ್ವತ, ಅವರದ್ದು ಒಂದು ಟರ್ನ್‌ನದ್ದು. ನನ್ನದೇ ಗೆಲ್ಲಬೇಕು ಅಲ್ವಾ?

ಕೋರ್ಟಿನಲ್ಲಾದರೆ ನಿಮ್ಮ ವಾದ ಚೆನ್ನಾಗಿದೆ ಅನ್ನಬಹುದಿತ್ತು. ಇಲ್ಲಿ ನಡೆಯುವುದಿಲ್ಲ. ಒಂದೇ ಕಾರ್ಡಿನ ಕಂಟ್ರೋಲ್‌ಗೆ ಎರಡು ಎಫೆಕ್ಟ್ ಜಗ್ಗಾಡಿದರೆ ಯಾವುದು ಬಲವಾದದ್ದು, ಯಾವುದು ಜಾಸ್ತಿ ದಿನದ್ದು ಅಂತ ನೋಡುವುದಿಲ್ಲ. ಯಾವುದು ಕೊನೆಗೆ ಬಂತು ಅಂತಷ್ಟೇ ನೋಡುತ್ತಾರೆ. ಇದಕ್ಕೆ ಟೈಮ್‌ಸ್ಟ್ಯಾಂಪ್ ಅನ್ನುತ್ತಾರೆ. ಬಸ್ ಸೀಟಿಗೆ ಮೊದಲು ಟವೆಲ್ ಹಾಕಿದವರದ್ದು ಹಕ್ಕು. ಇಲ್ಲಿ ತಿರುಗಾಮುರುಗಾ, ಕೊನೆಗೆ ಟವೆಲ್ ಹಾಕಿದವರು ಕೂರುತ್ತಾರೆ.

ಆದರೆ ನಿಮ್ಮ ಮೈಂಡ್ ಕಂಟ್ರೋಲ್ ಎಲ್ಲೂ ಹೋಗಿಲ್ಲ. ಡ್ರ್ಯಾಗನ್‌ಗೆ ಅಂಟಿಕೊಂಡೇ ಇದೆ. ಅವರ ಎಫೆಕ್ಟ್ ಮುಗಿದ ಗಳಿಗೆಗೆ ಡ್ರ್ಯಾಗನ್ ನಿಮ್ಮ ಕಡೆಗೇ ವಾಪಸ್. ಆ ಗಳಿಗೆ ಯಾವುದು ಅನ್ನುವುದೇ ಇಲ್ಲಿ ಮುಖ್ಯ. ‘ಟರ್ನ್ ಮುಗಿಯುವವರೆಗೆ’ ಅಂದರೆ ಎಂಡ್ ಸ್ಟೆಪ್ ಅಲ್ಲ, ಅದರ ನಂತರ ಬರುವ ಕಟ್ಟಕಡೆಯ ಹಂತ, ಕ್ಲೀನಪ್ ಸ್ಟೆಪ್. ಎಂಡ್ ಸ್ಟೆಪ್‌ನಲ್ಲಿ ಡ್ರ್ಯಾಗನ್ ಇನ್ನೂ ಅವರದ್ದೇ. ಅಲ್ಲಿ ಅದನ್ನು ಸ್ಯಾಕ್ರಿಫೈಸ್ ಮಾಡಲು ದಾರಿಯಿದ್ದರೆ ಧಾರಾಳವಾಗಿ ಮಾಡಬಹುದು. ಎಷ್ಟೋ ಜನ ‘ಎಂಡ್ ಸ್ಟೆಪ್ ಬಂತು, ಕೊಡು’ ಅಂತ ಕೈ ಚಾಚುತ್ತಾರೆ. ಕೊಡಬೇಕಾಗಿಲ್ಲ.

ಕ್ಲೀನಪ್‌ನಲ್ಲಿ ವಾಪಸ್ ಬಂದ ಡ್ರ್ಯಾಗನ್‌ನಿಂದ ನಿಮ್ಮ ಟರ್ನ್‌ನಲ್ಲಿ ಅಟ್ಯಾಕ್ ಮಾಡಬಹುದಾ? ಮಾಡಬಹುದು. ಸಮನಿಂಗ್ ಸಿಕ್‌ನೆಸ್ (ಹೊಸದಾಗಿ ಬಂದ ಕ್ರಿಯೇಚರ್ ಕೂಡಲೇ ಅಟ್ಯಾಕ್ ಮಾಡುವಂತಿಲ್ಲ) ನಿಯಮ ಕೇಳುವುದು ಒಂದನ್ನೇ: ನಿಮ್ಮ ಈ ಟರ್ನ್ ಶುರುವಾದಾಗಿನಿಂದ ಕ್ರಿಯೇಚರ್ ಬಿಡದೆ ನಿಮ್ಮ ಕೈಕೆಳಗಿದೆಯಾ? ಅದು ನಿಮ್ಮ ಟರ್ನ್‌ಗೆ ಮುಂಚೆಯೇ ಬಂದಾಗಿದೆ. ಅವರು ಅಟ್ಯಾಕ್ ಮಾಡಿ ಅದನ್ನು ಟ್ಯಾಪ್ ಮಾಡಿಟ್ಟಿದ್ದರೂ (ಬಳಸಿದ ಗುರುತಿಗೆ ಅಡ್ಡ ತಿರುಗಿಸಿಟ್ಟಿದ್ದರೂ) ನಿಮ್ಮ ಅನ್‌ಟ್ಯಾಪ್ ಸ್ಟೆಪ್‌ನಲ್ಲಿ ನೆಟ್ಟಗಾಗುತ್ತದೆ.

ಪ್ರಶ್ನೆ: ಕದ್ದ ಕ್ರಿಯೇಚರ್‌ಗೆ ಅವರ ಕತ್ತಿ ಕಟ್ಟಿತ್ತು. ಕತ್ತಿಯೂ ನನಗೇ ಬಂತಾ?

ಕತ್ತಿ ಅಂಟಿಕೊಂಡೇ ಬರುತ್ತದೆ. ಅದರ ಬಲ ನಿಮ್ಮ ಅಟ್ಯಾಕ್‌ಗೆ ಸಿಗುತ್ತದೆ. ಆದರೆ ಕತ್ತಿಯ ಕಂಟ್ರೋಲ್ ಅವರ ಬಳಿಯೇ. ಅದನ್ನು ಬಿಚ್ಚಿ ನಿಮ್ಮ ಇನ್ನೊಂದು ಕ್ರಿಯೇಚರ್‌ಗೆ ಕಟ್ಟಲು ನಿಮಗಾಗದು. ಅವರ ಟರ್ನ್ ಬಂದಾಗ ಇಕ್ವಿಪ್ ಖರ್ಚು ಕೊಟ್ಟು ತಮ್ಮ ಕ್ರಿಯೇಚರ್‌ಗೆ ಅವರು ಕಟ್ಟಿಕೊಳ್ಳಬಹುದು. ಮೈಂಡ್ ಕಂಟ್ರೋಲ್‌ನಂತೆ ಅಂಟಿಕೊಳ್ಳುವ ಆರಾ ಕಾರ್ಡ್‌ಗಳ ಕಂಟ್ರೋಲ್‌ಗೂ ಇದೇ ಮಾತು.

ಪ್ರಶ್ನೆ: ಎದುರಾಳಿ ನನ್ನ ಕ್ರಿಯೇಚರ್ ಒಂದು ಟರ್ನ್‌ಗೆ ತೆಗೆದುಕೊಂಡು ಅದರ ಮೇಲೆ ‘ಕ್ಲೌಡ್‌ಶಿಫ್ಟ್’ ಹಾಕಿದರು. ಟರ್ನ್ ಮುಗಿದ ಮೇಲೂ ವಾಪಸ್ ಕೊಡಲಿಲ್ಲ. ಇದು ಮೋಸ ಅಲ್ಲದೆ ಇನ್ನೇನು?

ಮೋಸ ಅಲ್ಲ. ನನಗೆ ಈ ಆಟದಲ್ಲಿ ತುಂಬ ಇಷ್ಟವಾದ ಕೈಚಳಕಗಳಲ್ಲಿ ಇದೂ ಒಂದು. ನನಗೇ ಯಾರಾದರೂ ಮಾಡಿದಾಗ ಅಷ್ಟು ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಕ್ಲೌಡ್‌ಶಿಫ್ಟ್ ಬಂದಿದ್ದು 2012ರ ‘ಅವಾಸಿನ್ ರಿಸ್ಟೋರ್ಡ್’ ಸೆಟ್‌ನಲ್ಲಿ. ‘ನಿಮ್ಮ ಕಂಟ್ರೋಲ್‌ನಲ್ಲಿರುವ’ ಕ್ರಿಯೇಚರ್ ಒಂದನ್ನು ಎಕ್ಸೈಲ್ ಮಾಡಿ (ಆಟದಿಂದ ಆಚೆ ಇಟ್ಟು), ಆ ಕಾರ್ಡನ್ನು ‘ನಿಮ್ಮ ಕಂಟ್ರೋಲ್‌ನಲ್ಲಿ’ ವಾಪಸ್ ತನ್ನಿ ಅನ್ನುತ್ತದೆ ಕಾರ್ಡ್. ಓನರ್ ಮಾತೇ ಇಲ್ಲ. ಒಂದು ಕಾರ್ಡ್ ಬ್ಯಾಟಲ್‌ಫೀಲ್ಡ್ ಬಿಟ್ಟು ಹೋಗಿ ಬಂದರೆ ಆಟದ ಲೆಕ್ಕದಲ್ಲಿ ಅದು ಹೊಸ ವಸ್ತು. ಹಳೆಯ ನಂಟು ಯಾವುದೂ ಅದಕ್ಕಿಲ್ಲ. ಆಕ್ಟ್ ಆಫ್ ಟ್ರೀಸನ್ ‘ಇವತ್ತು ಸಂಜೆವರೆಗೆ’ ಅಂದದ್ದು ಆ ಹಳೆಯ ಎತ್ತಿಗೆ. ಇದು ಕೊಟ್ಟಿಗೆಯೊಳಗೆ ಹೋಗಿ ಹೊಸ ಮೂಗುದಾರ ಹಾಕಿಸಿಕೊಂಡು ಬಂದದ್ದು. ಸಂಜೆ ಆದರೂ ವಾಪಸ್ ಕಟ್ಟಬೇಕಾಗಿಲ್ಲ.

ಅದೇ ಅವರು ‘ಫ್ಲಿಕರ್‌ವಿಸ್ಪ್’ ಬಳಸಿದ್ದರೆ ಕಥೆ ಉಲ್ಟಾ. ಅದು ‘ಓನರ್ ಕಂಟ್ರೋಲ್‌ನಲ್ಲಿ’ ವಾಪಸ್ ತನ್ನಿ ಅನ್ನುತ್ತದೆ. ಕಾರ್ಡ್ ನಿಮಗೇ ಬರುತ್ತಿತ್ತು. ಹಾಗಾಗಿ ನಿಮ್ಮದನ್ನು ಯಾರೋ ಶಾಶ್ವತವಾಗಿ ಕದ್ದಾಗ ಬಿಡಿಸಿಕೊಳ್ಳಲು ಫ್ಲಿಕರ್‌ವಿಸ್ಪ್ ಒಳ್ಳೆಯ ದಾರಿ. ಎರಡೂ ಕಾರ್ಡ್ ನೋಡಲು ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ಒಂದು ಪದದಲ್ಲಿ ಎಲ್ಲ ಇದೆ. ಇಂಥ ಜಗಳ ಬಂದಾಗ ನೆನಪಿನಿಂದ ವಾದ ಮಾಡಬೇಡಿ, ಕಾರ್ಡ್ ಎತ್ತಿ ಓದಿ. ಹಳೆಯ ಕಾರ್ಡಾದರೆ ಮೇಲೆ ಅಚ್ಚಾದದ್ದನ್ನೂ ನಂಬಬೇಡಿ. ಪ್ರಕಾಶಕರು ಆನ್‌ಲೈನ್‌ನಲ್ಲಿ ಇಟ್ಟಿರುವ ಒರಾಕಲ್ ಪಠ್ಯವೇ ಈಗ ಚಾಲ್ತಿಯಲ್ಲಿರುವುದು.

ಪ್ರಶ್ನೆ: ನಾಲ್ಕು ಜನ ಕಮಾಂಡರ್ (ಒಬ್ಬೊಬ್ಬರಿಗೂ ‘ಕಮಾಂಡರ್’ ಅನ್ನುವ ನಾಯಕ ಕಾರ್ಡ್ ಇರುವ ಬಗೆ) ಆಡುತ್ತಿದ್ದೆವು. ಒಬ್ಬಾಕೆ ‘ಬ್ರೈಬರಿ’ ಹಾಕಿ ನನ್ನ ಲೈಬ್ರರಿಯಿಂದ ದೊಡ್ಡ ಕ್ರಿಯೇಚರ್ ಒಂದನ್ನು ಎತ್ತಿಕೊಂಡಳು. ಇನ್ನೊಬ್ಬನದ್ದನ್ನು ಮೈಂಡ್ ಕಂಟ್ರೋಲ್‌ನಿಂದ ಕದ್ದಿದ್ದಳು. ಆಮೇಲೆ ಅವಳು ಸೋತು ಎದ್ದು ಹೋದಳು. ಅವನ ಕ್ರಿಯೇಚರ್ ಅವನಿಗೆ ವಾಪಸ್ ಸಿಕ್ಕಿತು. ನನ್ನದು ಎಕ್ಸೈಲ್ ಆಯಿತು ಅಂದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಯಾಕೆ?

ಒಳ್ಳೆಯ ಪ್ರಶ್ನೆ. ಪಳಗಿದವರೂ ಇಲ್ಲಿ ಎಡವುತ್ತಾರೆ. ನಿಮ್ಮ ಟೇಬಲ್‌ನವರು ಹೇಳಿದ್ದು ಸರಿ. ಬೇಸರ ಮಾಡಿಕೊಳ್ಳಬೇಡಿ.

ಒಬ್ಬರು ಆಟ ಬಿಟ್ಟಾಗ ಮೊದಲು ಅವರು ಓನರ್ ಆಗಿರುವ ಕಾರ್ಡೆಲ್ಲ ಅವರ ಜೊತೆ ಹೊರಡುತ್ತವೆ, ಬೇರೆಯವರ ಕೈಲಿದ್ದರೂ ಸರಿ. ಜೊತೆಗೇ ಅವರಿಗೆ ಕಂಟ್ರೋಲ್ ಕೊಟ್ಟಿದ್ದ ಎಫೆಕ್ಟ್‌ಗಳೆಲ್ಲ ಮುಗಿಯುತ್ತವೆ. ಇಷ್ಟಾದ ಮೇಲೂ ಅವರ ಕಂಟ್ರೋಲ್‌ನಲ್ಲೇ ಏನಾದರೂ ಉಳಿದಿದ್ದರೆ ಅದು ಎಕ್ಸೈಲ್.

ಮೈಂಡ್ ಕಂಟ್ರೋಲ್ ಅವಳ ಕಾರ್ಡ್. ಅವಳ ಜೊತೆ ಹೋಯಿತು. ಹಿಡಿದಿದ್ದ ಹಗ್ಗ ಬಿಚ್ಚಿತು, ಕ್ರಿಯೇಚರ್ ತನ್ನ ಮನೆಗೆ ನಡೆಯಿತು. ಬ್ರೈಬರಿಯಲ್ಲಿ ಹಗ್ಗವೇ ಇಲ್ಲ. ಅದು ನಿಮ್ಮ ಕಾರ್ಡನ್ನು ಲೈಬ್ರರಿಯಿಂದ ನೇರವಾಗಿ ಅವಳ ಕಂಟ್ರೋಲ್‌ನಲ್ಲಿ ಬ್ಯಾಟಲ್‌ಫೀಲ್ಡ್‌ಗೆ ಇಳಿಸಿತು. ಅದು ಬಂದದ್ದೇ ಅವಳ ಕಡೆಗೆ. ನಿಮ್ಮ ಕೈಕೆಳಗೆ ಅದು ಒಂದು ಕ್ಷಣವೂ ಬ್ಯಾಟಲ್‌ಫೀಲ್ಡ್‌ನಲ್ಲಿ ಇರಲಿಲ್ಲ. ಮುಗಿಯುವ ಎಫೆಕ್ಟ್ ಯಾವುದೂ ಇಲ್ಲದ ಮೇಲೆ ವಾಪಸ್ ಹೋಗುವ ದಾರಿ ಎಲ್ಲಿದೆ? ಉಳಿಯಿತು, ಎಕ್ಸೈಲ್ ಆಯಿತು. ಮೇಲಿನ ಪ್ರಶ್ನೆಯ ಕ್ಲೌಡ್‌ಶಿಫ್ಟ್ ಕಾರ್ಡಿಗೂ ಇದೇ ಗತಿ. ಎದುರಿನವರ ಕಾರ್ಡ್ ನಿಮ್ಮ ಟೇಬಲ್‌ನಲ್ಲಿದ್ದರೆ ಅದು ಹೇಗೆ ಬಂತು ಅಂತ ಒಂದು ಸಲ ನೆನಪಿಟ್ಟುಕೊಳ್ಳಿ. ಹಗ್ಗ ಹಾಕಿ ಎಳೆದದ್ದಾ, ನಿಮ್ಮ ಕಡೆಗೇ ಇಳಿದದ್ದಾ? ಆಮೇಲಿನ ಎಲ್ಲ ತೀರ್ಪು ಇದರ ಮೇಲೇ ನಿಂತಿದೆ.

ಇದೇ ಓದುಗರು ಇನ್ನೊಂದು ಕೇಳಿದ್ದಾರೆ: ಕದ್ದದ್ದು ಕಮಾಂಡರ್ ಆಗಿದ್ದರೆ? ಸತ್ತಾಗ ಅದು ಓನರ್ ಗ್ರೇವ್‌ಯಾರ್ಡ್‌ಗೆ ಹೋಗುತ್ತದೆ. ಅಲ್ಲಿಂದ ಅದರ ಮೀಸಲು ಜಾಗವಾದ ಕಮಾಂಡ್ ಝೋನ್‌ಗೆ ಕಳಿಸುವುದೋ ಬೇಡವೋ ಅಂತ ಓನರ್ ತೀರ್ಮಾನಿಸುತ್ತಾರೆ. ಕಳ್ಳರಿಗೆ ಮಾತಿಲ್ಲ. ಅಂದ ಹಾಗೆ, ಒಂದೇ ಕಮಾಂಡರ್‌ನಿಂದ 21 ಕಾಂಬ್ಯಾಟ್ ಡ್ಯಾಮೇಜ್ ತಿಂದರೆ ಸೋಲು ಅನ್ನುವ ನಿಯಮ ಆ ಕಮಾಂಡರ್ ಯಾರ ಕೈಲಿದೆ ಅಂತ ಕೇಳುವುದಿಲ್ಲ. ನಿಮ್ಮ ಕಮಾಂಡರ್ ಕೈಲೇ ನೀವು ಸಾಯಬಹುದು.

ಪ್ರಶ್ನೆ: ‘ಮೈಂಡ್‌ಸ್ಲೇವರ್’ನಿಂದ ನನ್ನ ಇಡೀ ಟರ್ನ್ ಅವರ ಕೈಗೆ ಹೋಯಿತು. ‘ನೀನು ಸೋಲೊಪ್ಪಿಕೊಂಡೆ ಅಂತ ನಾನೇ ಹೇಳುತ್ತೇನೆ’ ಅಂದರು. ಹೇಳಬಹುದಾ?

ಇಲ್ಲ. ಅವರು ನಿಮ್ಮ ಕೈಲಿರುವ ಕಾರ್ಡ್ ನೋಡಬಹುದು, ನಿಮ್ಮ ಮಾನಾ ಸುಮ್ನೆ ಪೋಲು ಮಾಡಬಹುದು, ನಿಮ್ಮ ಕ್ರಿಯೇಚರ್‌ಗಳನ್ನು ಸಾವಿಗೆ ನೂಕಬಹುದು. ಆದರೆ ಸೋಲೊಪ್ಪಿಸಲಾಗದು. ನೀವಾಗಿ ಸೋಲೊಪ್ಪಿ ಎದ್ದು ಹೋಗುವುದಾದರೆ ಅವರು ತಡೆಯಲೂ ಆಗದು. ನಿಯಮ ಪುಸ್ತಕ ಇದಕ್ಕೆ ಕೊಟ್ಟಿರುವ ಉದಾಹರಣೆ ಓದಿದರೆ ನಗು ಬರುತ್ತದೆ. ಕಂಟ್ರೋಲ್‌ಗೆ ಒಳಗಾದ ಆಟಗಾರ ಟಾಯ್ಲೆಟ್‌ಗೆ ಹೋಗಬೇಕೋ ಬೇಡವೋ, ಯಾರಿಗಾದರೂ ಕಾರ್ಡ್ ಬದಲಿ ಕೊಡಬೇಕೋ, ಡ್ರಾಗೆ ಒಪ್ಪಬೇಕೋ, ಜಡ್ಜ್ ಕರೆಯಬೇಕೋ, ಇವೆಲ್ಲ ಆ ಆಟಗಾರರದ್ದೇ ತೀರ್ಮಾನ ಅಂತ ಬರೆದಿದೆ. ಯಾರೋ ಎಲ್ಲೋ ಆ ವಾದ ಮಾಡಿರಲೇಬೇಕು ಅಂತ ನನ್ನ ಗುಮಾನಿ.

ಟೂರ್ನಮೆಂಟ್‌ನಲ್ಲಿ ಹೀಗಾದರೆ ಎದುರಿನವರ ಜೊತೆ ಗಂಟಲು ಹರಿದುಕೊಳ್ಳಬೇಡಿ. ಕೈ ಎತ್ತಿ ಜಡ್ಜ್ ಅಂತ ಕರೆಯಿರಿ. ತೀರ್ಪು ಒಪ್ಪಿಗೆಯಾಗದಿದ್ದರೆ ಹೆಡ್ ಜಡ್ಜ್ ಕೇಳಿ. ಅವರ ಮಾತು ಕೊನೆ. ಮನೆಯಲ್ಲಾದರೆ ಐದು ನಿಮಿಷ ಹುಡುಕಿ, ಸಿಗದಿದ್ದರೆ ಟಾಸ್ ಹಾಕಿ ಮುಂದುವರಿಸಿ. ಸರಿ ಉತ್ತರ ರಾತ್ರಿ ಹುಡುಕಿದರಾಯಿತು.

ಪ್ರಶ್ನೆ: ಆಟ ಮುಗಿದ ಮೇಲೆ ನನ್ನ ಕಾರ್ಡ್ ಅವರ ಬ್ಯಾಗಿನಲ್ಲೇ ಹೋಯಿತು. ಕೇಳಿದರೆ ‘ಗೆದ್ದಿದ್ದು ನಾನು, ಮೊದಲು ಹಾಗೇ ಆಡುತ್ತಿದ್ದರಂತೆ’ ಅಂತಾರೆ. ನಿಜವಾ?

ಕೇಳಿದ್ದು ಪೂರ್ತಿ ಸುಳ್ಳಲ್ಲ. ಮೊದಲ ವರ್ಷಗಳಲ್ಲಿ ‘ಆಂಟೆ’ ಅನ್ನುವ ಪದ್ಧತಿ ಇತ್ತು. ಇಬ್ಬರೂ ಒಂದೊಂದು ಕಾರ್ಡ್ ಪಣಕ್ಕಿಟ್ಟು ಗೆದ್ದವರು ಎರಡನ್ನೂ ಒಯ್ಯುತ್ತಿದ್ದರು. ಜೂಜಿನ ವಾಸನೆ ಬಂದು ಅದು ಹಿಂದೆ ಬಿತ್ತು. ಆಂಟೆ ಮಾತೆತ್ತುವ ಕಾರ್ಡ್‌ಗಳನ್ನು ಟೂರ್ನಮೆಂಟ್‌ಗಳಲ್ಲಿ ಆಡುವಂತಿಲ್ಲ. ಮೊದಲೇ ಇಬ್ಬರೂ ಒಪ್ಪಿರದಿದ್ದರೆ ನಿಮ್ಮ ಕಾರ್ಡ್ ನಿಮ್ಮದು. ಮರ್ಯಾದೆಯಿಂದ ಕೇಳಿ ತೆಗೆದುಕೊಳ್ಳಿ.

ಹೆಚ್ಚಿನ ಸಲ ಇದು ದುರಾಸೆಯಲ್ಲ, ಮರೆವು. ಇಬ್ಬರದ್ದೂ ಕಪ್ಪು ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್) ಆದರೆ ಮುಗಿಯಿತು. ಕದ್ದ ಕಾರ್ಡನ್ನು ನಿಮ್ಮ ಸಾಲಿನಲ್ಲಿ ಸೇರಿಸಬೇಡಿ, ಸ್ವಲ್ಪ ದೂರ ಇಡಿ, ಮೇಲೊಂದು ದಾಳ ಇಟ್ಟರೂ ಸಾಕು. ಎದ್ದೇಳುವ ಮುಂಚೆ ಇಬ್ಬರೂ ಡೆಕ್ ಎಣಿಸಿ. 60 ಇರಬೇಕಾದಲ್ಲಿ 59 ಬಂದರೆ ಎದುರಿನವರು ಇನ್ನೂ ಬಾಗಿಲು ದಾಟಿರುವುದಿಲ್ಲ. ನಾನು ಎಣಿಸದೆ ಎದ್ದ ಒಂದು ಭಾನುವಾರ ನನ್ನ ಸಾಲೆಮ್ ಯಾರ ಜೊತೆಗೋ ಹೊರಟುಹೋಯಿತು. ಆ ಜಾಗದಲ್ಲಿ ಈಗ ಒಂದು ಮಾಮೂಲಿ ಲ್ಯಾಂಡ್ ಕಾರ್ಡ್, ಐಲ್ಯಾಂಡ್, ಕೂತಿದೆ.