ಓಮಿವಾದಲ್ಲಿ ಗರ್ಭಗುಡಿ ಇಲ್ಲ, ಬೆಟ್ಟವೇ ದೇವರು

ಜಪಾನಿನ ನಾರಾದಲ್ಲಿ ಅರ್ಧ ದಿನ ಬಿಡುವಿದೆ, ಓಮಿವಾ ಅನ್ನೋ ಶಿಂಟೋ ದೇಗುಲಕ್ಕೆ ಹೋಗಬಹುದಾ, ಮಿವಾ ಬೆಟ್ಟ ಹತ್ತಲು ಬಿಡುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ಬೆಳಿಗ್ಗೆಯೇ ಹೊರಡಿ. ನಾರಾದಿಂದ ಜೆಆರ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಮಿವಾ ನಿಲ್ದಾಣದಲ್ಲಿ ಇಳಿದರೆ ಐದು ನಿಮಿಷ ನಡಿಗೆ, ಅಷ್ಟೇ.

ಫೋಟೋದಲ್ಲಿ ಗರ್ಭಗುಡಿ ಕಾಣಲಿಲ್ಲ ಅಂದಿರಲ್ಲ, ಅಲ್ಲಿ ಅದು ಇಲ್ಲವೇ ಇಲ್ಲ. 467 ಮೀಟರ್ ಎತ್ತರದ ಆ ಬೆಟ್ಟವೇ ದೇವರು. 1664ರಲ್ಲಿ ಕಟ್ಟಿದ ಪ್ರಾರ್ಥನಾ ಮಂಟಪದ ಮುಂದೆ ನಿಂತು ಬೆಟ್ಟಕ್ಕೇ ಕೈಮುಗಿಯುತ್ತಾರೆ. ಅಂಗಳದಲ್ಲಿ ದೊಡ್ಡದೊಂದು ಹಳೇ ಸೀಡರ್ ಮರವಿದೆ. ದೇವರ ರೂಪವಾದ ಹಾವು ಅದರಲ್ಲಿದೆ ಅನ್ನೋ ನಂಬಿಕೆ. ಬುಡದಲ್ಲಿ ಕೋಳಿಮೊಟ್ಟೆ, ಸಾಕೆ ಮದ್ಯ ಇಟ್ಟಿರುತ್ತಾರೆ. ನಾಗನಿಗೆ ಹಾಲೆರೆಯುವ ನಮಗೆ ಅದನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ.

ಹತ್ತುವವರು ಪಕ್ಕದ ಸಾಯಿ (ಸಾಯಿಬಾಬಾ ಅಲ್ಲ, ಜಪಾನಿ ಹೆಸರು) ಅನ್ನೋ ಶಿಂಟೋ ದೇಗುಲದಲ್ಲಿ ಹೆಸರು ಬರೆಸಿ, 300 ಯೆನ್ ಕಟ್ಟಬೇಕು. ಮಧ್ಯಾಹ್ನ 12ರ ನಂತರ ಯಾರನ್ನೂ ಬಿಡುವುದಿಲ್ಲ. ಕೊರಳಿಗೆ ಬಿಳಿ ಪಟ್ಟಿ ಕೊಡುತ್ತಾರೆ, ಇಳಿಯುವವರೆಗೂ ತೆಗೆಯಬೇಡಿ. ಬೆಟ್ಟದ ಮೇಲೆ ಫೋಟೋ ತೆಗೆಯುವಂತಿಲ್ಲ, ತಿಂಡಿ ತಿನ್ನುವಂತಿಲ್ಲ, ನೀರು ಕುಡಿಯಬಹುದು. ಹತ್ತಿ ಇಳಿಯಲು ಸುಮಾರು ಎರಡು ಗಂಟೆ ಬೇಕು. ಹಬ್ಬದ ದಿನ, ಹವಾಮಾನ ಕೆಟ್ಟ ದಿನ ದಾರಿ ಮುಚ್ಚಿರುತ್ತದೆ, ಮೊದಲೇ ವಿಚಾರಿಸಿ.

ಕೆಳಗೆ ಬಂದ ಮೇಲೆ ಮಿವಾದ ಸೋಮೆನ್ ತಿನ್ನಿ, ನಮ್ಮ ಶಾವಿಗೆಯಷ್ಟೇ ಸಣ್ಣ ಎಳೆ. ಸಸ್ಯಾಹಾರಿಗಳಾದರೆ ಜೋಕೆ, ಅದರ ಸಾರಿಗೆ ಸಾಮಾನ್ಯವಾಗಿ ಮೀನು ಹಾಕಿರುತ್ತಾರೆ.