ನಕ್ಕರು, ‘ಖಾ’ ಅಂದರು, ಕೆಲಸ ಮಾತ್ರ ಆಗ್ಲಿಲ್ಲ: ಥಾಯ್ಲೆಂಡಿಗೆ ಹೊಸಬರಾದ ಓದುಗರ ಪ್ರಶ್ನೆಗಳು

ಥಾಯ್ಲೆಂಡಿಗೆ ಹೊಸದಾಗಿ ಹೋದವ್ರು, ಹೋಗೋರು ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ, ಪತ್ರ ಜಾಸ್ತೀನೇ ಬಂದಿವೆ, ಜಾಗ ಇದ್ದಷ್ಟಕ್ಕೆ ಉತ್ತರ ಬರೀತಿದೀನಿ. ನಾನು ಬ್ಯಾಂಕಾಕಿಗೆ ಬಂದು ಒಂಬತ್ತು ವರ್ಷ ಆಯ್ತು.

ಪ್ರಶ್ನೆ: ಅಕ್ಕಾ ನಮಸ್ತೆ. ಊರು ದಾವಣಗೆರೆ, ಬ್ಯಾಂಕಾಕಿನಲ್ಲಿ ಅಕೌಂಟ್ಸ್ ಕೆಲಸ, ಬಂದು ಮೂರು ತಿಂಗಳು. ನಮ್ಮ ಟೀಮಿನ ಥಾಯ್ ಹುಡುಗಿಗೆ ಶುಕ್ರವಾರದೊಳಗೆ ರಿಪೋರ್ಟ್ ಕೊಡ್ತೀಯಾ ಅಂತ ಮೂರು ಸಲ ಕೇಳ್ದೆ, ಮೂರು ಸಲಾನೂ ನಕ್ಕು ‘ಖಾ’ ಅಂದ್ಲು. ಶುಕ್ರವಾರ ನೋಡಿದ್ರೆ ಅರ್ಧಾನೂ ಆಗಿಲ್ಲ. ಸಿಟ್ಟು ಬಂದು ಎಲ್ಲರ ಎದುರಿಗೇ ಜೋರಾಗಿ ಕೇಳಿಬಿಟ್ಟೆ, ಆಗ್ಲೂ ನಕ್ಳು. ಅವತ್ತಿಂದ ಯಾರೂ ನನ್ನ ಊಟಕ್ಕೆ ಕರೀತಿಲ್ಲ. ಈ ನಗು ಸುಳ್ಳಾ ಅಕ್ಕಾ?

ಉತ್ತರ: ಸುಳ್ಳಲ್ಲ ತಂಗಿ. ಮೊದಲು ಆ ‘ಖಾ’ ವಿಷಯ ಹೇಳ್ತೀನಿ. ಅದು ಹೆಂಗಸರು ಮಾತಿನ ಕೊನೆಗೆ ಸೇರಿಸೋ ಮರ್ಯಾದೆ ಪದ, ಗಂಡಸರಾದ್ರೆ ‘ಖ್ರಾಪ್’. ಬರೀ ಅಷ್ಟೇ ಅಂದ್ರೆ ಎಷ್ಟೋ ಸಲ ನಿಮ್ಮ ಮಾತು ಕಿವಿಗೆ ಬಿತ್ತು ಅಂತ ಅರ್ಥ, ಒಪ್ಕೊಂಡೆ ಅಂತ ಅಲ್ಲ. ಅಜ್ಜಿ ಕತೆ ಹೇಳುವಾಗ ನಾವು ಹೂಂಗುಡ್ತಿದ್ವಲ್ಲ, ರಾಜಕುಮಾರ ಏಳು ಸಮುದ್ರ ದಾಟಿದ ಅಂದ್ರೆ ಹೂಂ, ರಾಕ್ಷಸ ಬಂದ ಅಂದ್ರೆ ಹೂಂ, ಆ ಹೂಂ ಇದು. ನೀವು ಮೂರು ಹೂಂ ಕೇಳಿ ಮೂರು ಮಾತು ಕೊಟ್ಟಿದಾಳೆ ಅಂದ್ಕೊಂಡ್ರಿ.

ಇನ್ನು ಯಾಕೆ ಆಗಲ್ಲ ಅಂತ ನೇರ ಹೇಳ್ಲಿಲ್ಲ ಅಂದ್ರೆ ಅದಕ್ಕೆ ಥಾಯ್‌ನಲ್ಲಿ ‘ಕ್ರೆಂಗ್ ಜೈ’ ಅಂತಾರೆ, ಜೈ ಅಂದ್ರೆ ಮನಸ್ಸು, ಕ್ರೆಂಗ್ ಅಂದ್ರೆ ಅಂಜಿಕೆ, ಇನ್ನೊಬ್ಬರ ಮನಸ್ಸಿಗೆ ಎಲ್ಲಿ ತೊಂದ್ರೆ ಆಗುತ್ತೋ ಅನ್ನೋ ಅಂಜಿಕೆ. ಇಂಗ್ಲಿಷಿನಲ್ಲಿ ಇದನ್ನ ವಿವರಿಸೋಕೆ ಪುಟಗಟ್ಟಲೆ ಬರೀತಾರೆ, ನಮಗೆ ಒಂದೇ ಪದ ಸಾಕು, ದಾಕ್ಷಿಣ್ಯ. ನೆಂಟರ ಮನೇಲಿ ಇನ್ನೊಂದು ಹೋಳಿಗೆ ಬೇಕು ಅನ್ನಿಸ್ತಿದ್ರೂ ಸಾಕು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಇಡ್ತೀವಲ್ಲ, ಅದೇ. ನಮ್ಮಲ್ಲಿ ಅದು ನೆಂಟರ ಮನೇಲಿ, ಬೀಗರ ಹತ್ರ ಇರುತ್ತೆ, ಆಫೀಸಿಗೆ ಬಂದ ತಕ್ಷಣ ಬಿಟ್ಟುಬಿಡ್ತೀವಿ, ಇವರು ಆಫೀಸಿನಲ್ಲೂ ಬಸ್ಸಿನಲ್ಲೂ ಅಂಗಡೀಲೂ ಬಿಡಲ್ಲ. ಆ ಹುಡುಗಿಗೆ ಕೆಲಸ ಅರ್ಥ ಆಗಿರ್ಲಿಲ್ವೋ ಏನೋ, ಮತ್ತೆ ಕೇಳಿದ್ರೆ ನಿಮಗೆ ತೊಂದ್ರೆ, ಆಗಲ್ಲ ಅಂದ್ರೆ ನಿಮಗೆ ಬೇಜಾರು, ಅದಕ್ಕೆ ನಕ್ಕಿದಾಳೆ.

ನೀವು ಎಲ್ಲರ ಮುಂದೆ ಜೋರು ಮಾಡಿದ್ದು ದೊಡ್ಡ ತಪ್ಪೇ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ‘ಸಿಯಾ ನಾ’ ಅಂತಾರೆ ಇಲ್ಲಿ, ಮುಖ ಕಳ್ಕೊಳ್ಳೋದು, ನಾವು ಮುಖಭಂಗ ಅಂತೀವಲ್ಲ ಅದು. ಮುಖಭಂಗ ಅವಳಿಗೊಬ್ಬಳಿಗೇ ಆಗಿಲ್ಲ, ನೋಡ್ತಿದ್ದವ್ರಿಗೂ ಆಗಿದೆ, ನಿಮಗೂ ಆಗಿದೆ, ಯಾಕಂದ್ರೆ ಇಲ್ಲಿ ದನಿ ಏರಿಸಿದವ್ರೇ ಸೋತವ್ರು. ಒಬ್ಬಳೇ ಇದ್ದಾಗ ಹೋಗಿ ‘ಖೋ ಥೋತ್ ನಾ ಖಾ’ ಅನ್ನಿ, ಕ್ಷಮಿಸು ಅಂತ. ಮೆಲ್ಲಗೆ, ಉದ್ದ ವಿವರಣೆ ಬೇಡ. ಮಧ್ಯಾಹ್ನ ಹೊರಗೆ ಹೋದಾಗ ಎಲ್ಲರಿಗೂ ಆಗುವಷ್ಟು ಹಣ್ಣೋ ತಿಂಡಿನೋ ತಂದು ಟೇಬಲ್ ಮೇಲಿಡಿ. ಇನ್ಮೇಲೆ ಆಗುತ್ತಾ ಅಂತ ಕೇಳ್ಬೇಡಿ, ಎಲ್ಲಿವರೆಗೆ ಬಂತು, ಯಾವ ಭಾಗ ಒಟ್ಟಿಗೆ ನೋಡೋಣ ಅಂತ ಕೇಳಿ, ಆಗ ಹೂಂ ಅನ್ನೋಕೆ ಜಾಗಾನೇ ಇರಲ್ಲ, ನಿಜ ಹೊರಗೆ ಬರುತ್ತೆ.

ನಾನು ಇದನ್ನ ಕಲಿತಿದ್ದು ನಮ್ಮ ಗಲ್ಲೀಲಿರೋ ನೂಡಲ್ಸ್ ಗಾಡಿ ಅಮ್ಮನ ಹತ್ರ. ದೊಡ್ಡಮ್ಮನ ವಯಸ್ಸಿನವ್ರನ್ನ ಇಲ್ಲಿ ‘ಪಾ’ ಅಂತಾರೆ. ಆ ಪಾ ಹತ್ರ ಇದ್ದಿದ್ದು ನಾಲ್ಕೇ ಪ್ಲಾಸ್ಟಿಕ್ ಸ್ಟೂಲು, ದಿನಾ ಮಧ್ಯಾಹ್ನ ಹೋಗಿ ಒಂದರ ಮೇಲೆ ನಾನು ಕೂರೋದು, ಇನ್ನೊಂದರ ಮೇಲೆ ನನ್ನ ಲ್ಯಾಪ್‌ಟಾಪ್ ಬ್ಯಾಗು. ತಿಂಗಳು ಹೀಗೇ ನಡೀತು, ಒಂದು ದಿನಾನೂ ಏನೂ ಅನ್ನಲಿಲ್ಲ, ನಗ್ತಿದ್ರು. ಒಂದಿನ ಎಲ್ಲಿಂದಲೋ ನೀಲಿ ಬಣ್ಣದ ಪ್ಲಾಸ್ಟಿಕ್ ಬುಟ್ಟಿ ತಂದು, ಬಟ್ಟೇಲಿ ಒರೆಸಿ, ನನ್ನ ಕಾಲ ಪಕ್ಕ ಇಟ್ಟು, ಬ್ಯಾಗನ್ನ ಎರಡೂ ಕೈಲಿ ಎತ್ತಿ ಅದರೊಳಗೆ ಇಟ್ರು. ಆ ಕಡೆ ತಟ್ಟೆ ಹಿಡ್ಕೊಂಡು ನಿಂತಿದ್ದ ಒಬ್ರು ಬಂದು ಆ ಸ್ಟೂಲಲ್ಲಿ ಕೂತ್ರು. ಒಂದು ಮಾತಿಲ್ಲ, ಆದ್ರೆ ಹೇಳ್ಬೇಕಾಗಿದ್ದೆಲ್ಲ ಹೇಳಿಯಾಗಿತ್ತು. ಆ ಹುಡುಗೀನೂ ನಿಮಗೆ ಇಂಥ ಬುಟ್ಟಿ ಇಟ್ಟಿರಬಹುದು, ಮೂರನೇ ಸಲ ಖಾ ಅನ್ನುವಾಗ ಸ್ವಲ್ಪ ತಡ ಮಾಡಿದ್ಲಾ, ಕಣ್ಣು ತಗ್ಗಿಸಿದ್ಲಾ, ನೆನಪಿಸ್ಕೊಂಡು ನೋಡಿ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವನು, ಪೂರ್ತಿ ಸಸ್ಯಾಹಾರಿ, ಕೆಲಸ ಚೋನ್‌ಬುರಿಯಲ್ಲಿ. ಮಾಂಸ ಬೇಡ ಅಂತ ಹೇಳಿ ಬರೀ ತರಕಾರಿ ತಗೊಂಡ್ರೂ ಮೀನಿನ ವಾಸನೆ. ಒಂದು ತಿಂಗಳಿಂದ ಬ್ರೆಡ್ಡು ಬಾಳೆಹಣ್ಣಲ್ಲೇ ಇದೀನಿ.

ಉತ್ತರ: ಅಯ್ಯೋ ಇಷ್ಟು ದಿನ ಯಾಕೆ ಸುಮ್ನಿದ್ರಿ. ಮಾಂಸ ಬೇಡ ಅಂದ್ರೆ ಅವರು ತುಂಡು ಹಾಕಲ್ಲ ಅಷ್ಟೇ, ಉಪ್ಪಿನ ಬದಲು ಮೀನಿನ ಸಾಸ್, ಅದೇ ‘ನಾಮ್ ಪ್ಲಾ’, ಅದನ್ನ ಹಾಕೇ ಹಾಕ್ತಾರೆ, ಪಲ್ಯಕ್ಕೆ ಸಿಂಪಿ ಸಾಸ್, ಕೆಂಪು ಹಸಿರು ಕರಿ ಪೇಸ್ಟಿಗೆ ಸಿಗಡಿ ಅರೆದಿರ್ತಾರೆ. ಮೋಸ ಅಲ್ಲ, ಅವ್ರಿಗೆ ಅದು ಉಪ್ಪು. ಎರಡು ಪದ ಕಲೀರಿ. ಒಂದು ‘ಮಂಗ್ಸವಿರತ್’, ಅಂದ್ರೆ ನಮ್ಮ ಮಾಂಸ, ವಿರತಿ ಎರಡೂ ಸೇರಿದ್ದೇ, ಆದ್ರೆ ಇದರಲ್ಲಿ ಮೊಟ್ಟೆ ಬರಬಹುದು. ಇನ್ನೊಂದು ‘ಜೇ’, ಇದು ಚೀನೀ ಮೂಲದ ವ್ರತದ ಊಟ, ಮೀನು ಮೊಟ್ಟೆ ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ, ಹಾಗಾಗಿ ಏಕಾದಶಿಗೆ ಈರುಳ್ಳಿ ಬಿಡೋ ಮನೆಯವ್ರಿಗೂ ನಡೆಯುತ್ತೆ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡ್ರೆ ಧೈರ್ಯವಾಗಿ ಒಳಗೆ ಹೋಗಿ, ‘ಕಿನ್ ಜೇ’ ಅನ್ನಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಒಂಬತ್ತು ದಿನ ಜೇ ಹಬ್ಬ ಬರುತ್ತೆ, ಫುಕೆಟ್‌ನಲ್ಲಿ ಬಹಳ ಜೋರು, ಬ್ಯಾಂಕಾಕಿನ ಯಾವರಾತ್ ಚೈನಾಟೌನ್ ರಸ್ತೆ ತುಂಬಾ ಆ ಹಳದಿ ಬಾವುಟಗಳೇ. ಬೇರೆ ಕಡೆ ಊಟ ಮಾಡೋದಾದ್ರೆ ‘ಮೈ ಸೈ ನಾಮ್ ಪ್ಲಾ’ ಅಂತ ಹೇಳಿ, ಮೀನಿನ ಸಾಸ್ ಹಾಕ್ಬೇಡಿ ಅಂತ, ಇನ್ನೂ ಒಳ್ಳೇದು ಅಂದ್ರೆ ಆಫೀಸಿನವ್ರ ಹತ್ರ ಥಾಯ್‌ನಲ್ಲಿ ಒಂದು ಚೀಟಿ ಬರೆಸಿ ಫೋನಲ್ಲಿ ಇಟ್ಕೊಳ್ಳಿ.

ಆಮೇಲೆ ಸಂಜೆ ಮಾರ್ಕೆಟ್ಟಿಗೆ ಹೋಗಿ ‘ಖನೊಮ್ ಖ್ರೊಕ್’ ಎಲ್ಲಿ ಮಾಡ್ತಾರೆ ನೋಡಿ. ಪಡ್ಡಿನ ಹಂಚು, ಗುಳಿ ಗುಳಿ, ಅದೇ ಹಂಚು, ಅಕ್ಕಿ ಹಿಟ್ಟು ತೆಂಗಿನ ಹಾಲು ಸಕ್ಕರೆ ಹೊಯ್ದು, ಮೇಲೆ ಮೆಕ್ಕೆಜೋಳನೋ ಈರುಳ್ಳಿ ಸೊಪ್ಪೋ ಉದುರಿಸಿ, ಅಂಚು ಕೆಂಪಾದ ಮೇಲೆ ಚಮಚದಲ್ಲಿ ಕೆರೆದು ಎರಡೆರಡನ್ನ ಒಂದರ ಮೇಲೊಂದು ಮುಚ್ಚಿ ಕೊಡ್ತಾರೆ, ಹೊರಗೆ ಗರಿ ಒಳಗೆ ಗಂಜಿ ಹಾಗೆ ಮೆತ್ತಗೆ. ಮೊದಲನೇ ಸಲ ತಿಂದಾಗ ನನಗೆ ಅಮ್ಮನ ಅಡುಗೆಮನೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಮಾರ್ಕೆಟ್ಟಲ್ಲಿ ಬಾಳೆಹೂವು, ಕಳಲೆ, ಹಲಸು, ಹುಣಸೆ, ತೆಂಗಿನಕಾಯಿ ಎಲ್ಲ ಇದೆ, ಬೇಳೆ ಮಸಾಲೆಗೆ ಬ್ಯಾಂಕಾಕಿನ ಫಾಹುರಾತ್‌ಗೆ ಬರಬೇಕು. ಚೋನ್‌ಬುರಿಯಲ್ಲೇ ಪಟ್ಟಾಯ ಇದೆಯಲ್ಲ, ಅಲ್ಲಿ ಇಂಡಿಯನ್ ಹೋಟೆಲ್ ಬೇಕಾದಷ್ಟಿವೆ. ಒಂದು ಸಣ್ಣ ಕುಕ್ಕರ್ ತಗೊಳ್ಳಿ, ಬ್ರೆಡ್ಡು ನಿಲ್ಸಿ.

ಪ್ರಶ್ನೆ: ಮಗಳಿಗೆ ಏಳು ವರ್ಷ, ಸ್ಕೂಲಲ್ಲಿ ಥಾಯ್ ಕಲಿಸ್ತಾರೆ, ಅಕ್ಷರ ನೋಡಿದ್ರೇನೇ ನನಗೆ ಭಯ. ಕಷ್ಟ ಆಗುತ್ತಾ? (ಮಂಡ್ಯದ ತಾಯಿ, ಈಗ ಬ್ಯಾಂಕಾಕ್)

ಉತ್ತರ: ಅಕ್ಷರಕ್ಕೆ ಹೆದರ್ಬೇಡಿ. ಅವರ ಲಿಪಿ ಕಾಂಬೋಡಿಯಾದ ಖ್ಮೇರ್ ಲಿಪಿ ಮೂಲಕ ನಮ್ಮ ದಕ್ಷಿಣದ ಪಲ್ಲವ ಲಿಪಿಯಿಂದ ಬಂದಿದ್ದು, ವ್ಯಂಜನ 44 ಇದ್ರೂ ಸಾಲು ನಮ್ಮದೇ, ಕವರ್ಗ ಚವರ್ಗ ಅಂತಾನೇ ಹೋಗುತ್ತೆ. ಮಕ್ಕಳು ‘ಕೋ ಕೈ, ಖೋ ಖೈ’ ಅಂತ ಶುರು ಮಾಡ್ತಾರೆ, ಕೈ ಅಂದ್ರೆ ಕೋಳಿ, ಅವ್ರಿಗೂ ಕ ಅಂದ್ರೆ ಕೋಳೀನೇ! ಯ ಅಂದ್ರೆ ಯಕ್ಷ, ಷ ಅಂದ್ರೆ ಋಷಿ. ಬರೆಯುವಾಗ ಗ, ದ, ಬ ಇದ್ದಿದ್ದು ಓದುವಾಗ ಖ, ಥ, ಫ ಆಗುತ್ತೆ, ಇದೊಂದು ಗೊತ್ತಾದ್ರೆ ಬೀಗ ತೆಗೆದ ಹಾಗೆ, ಗುರು ಅವರ ಬಾಯಲ್ಲಿ ಖ್ರೂ, ಬುಧವಾರ ವಾನ್ ಫುತ್, ದೂರ ಮತ್ತು ಶಬ್ದ ಸೇರಿ ಥೋರಸಪ್, ಅದೇ ಟೆಲಿಫೋನು. ತಿಂಗಳ ಹೆಸರು ರಾಶಿ ಹೆಸರೇ, ಜನವರಿ ಮಕರಾಖೊಮ್, ಏಪ್ರಿಲ್ ಮೇಸಾಯೊನ್, ಹೆಸರಿನ ಕೊನೆಗೆ ಖೊಮ್ ಇದ್ರೆ 31 ದಿನ, ಯೊನ್ ಇದ್ರೆ 30, ಮುಷ್ಟಿ ಗೆಣ್ಣು ಎಣಿಸೋದೇ ಬೇಡ.

ಕಷ್ಟ ಇರೋದು ರಾಗದಲ್ಲಿ, ಐದು ರಾಗ ಇವೆ. ‘ಕ್ಲೈ’ ಅಂತ ಸಮವಾಗಿ ಅಂದ್ರೆ ದೂರ, ಮೇಲಿಂದ ಇಳಿಸಿ ಅಂದ್ರೆ ಹತ್ರ, ದಾರಿ ಕೇಳೋರಿಗೆ ಎಷ್ಟು ಪೇಚಾಟ ಯೋಚನೆ ಮಾಡಿ. ಆದ್ರೆ ಮಗು ಕಿವಿ ಅದನ್ನ ಬೇಗ ಹಿಡಿಯುತ್ತೆ, ನೀವೂ ಪಕ್ಕ ಕೂತು ಜೊತೆಗೆ ಹೇಳ್ಕೊಳ್ಳಿ. ಸ್ಕೂಲ್ ನೋಟೀಸಿನಲ್ಲಿ ಇಸವಿ ನೋಡಿ ಗಾಬರಿ ಆಗ್ಬೇಡಿ, ಬುದ್ಧ ಶಕೆ ನಮಗಿಂತ 543 ಮುಂದೆ, 2025 ಅಂದ್ರೆ ಅವರ 2568. ಮಾತಲ್ಲಿ ‘ಸೋಂಗ್ ಥುಮ್’ ಅಂದ್ರೆ, ಸೋಂಗ್ ಅಂದ್ರೆ ಎರಡು ನಿಜ, ಆದ್ರೆ ಅದು ರಾತ್ರಿ 8 ಗಂಟೆ, ಸಂಜೆ 6 ಆದ್ಮೇಲೆ ಎಣಿಕೆ ಹೊಸದಾಗಿ ಶುರು.

ಪ್ರಶ್ನೆ: ಹೊಸಬರು ಮರೀಲೇಬಾರದ ಕಾನೂನು ವಿಷಯ ಯಾವ್ದು? (ತುಮಕೂರು)

ಉತ್ತರ: 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸ್ಬೇಕು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊರಿಗೆ ಬರೋ ಮುಂಚೆ ರೀ ಎಂಟ್ರಿ ಪರ್ಮಿಟ್ ತಗೊಳ್ಳಿ, ಇಲ್ಲಾಂದ್ರೆ ವೀಸಾ ಅವಧಿ ಅಲ್ಲಿಗೇ ಮುಗೀತು. ರಾಜಮನೆತನದ ಬಗ್ಗೆ ಹಗುರ ಮಾತು ಎಲ್ಲೂ ಬೇಡ, ಫೋನಲ್ಲೂ ಬೇಡ, ಶಿಕ್ಷೆ 15 ವರ್ಷದವರೆಗೂ ಇದೆ. ಬೆಳಿಗ್ಗೆ 8ಕ್ಕೆ ಸಂಜೆ 6ಕ್ಕೆ ಪಾರ್ಕಿನಲ್ಲೋ ಸ್ಟೇಷನ್ನಲ್ಲೋ ರಾಷ್ಟ್ರಗೀತೆ ಬಂದಾಗ ಎಲ್ಲರೂ ನಿಂತ್ರೆ ನೀವೂ ನಿಂತ್ಕೊಳ್ಳಿ.

ಪ್ರಶ್ನೆ: ನಮಸ್ಕಾರ್ರೀ, ನಾ ಹುಬ್ಬಳ್ಳಿಯಾಕಿ, ವಯಸ್ಸು 66. ಮಗ ಚಿಯಾಂಗ್ ಮಾಯ್‌ದಾಗ ಅದಾನ, ಆರು ತಿಂಗಳು ಬಾ ಅಂತಾನ. ನಂಗ ಇಂಗ್ಲಿಷೂ ಬರೂದಿಲ್ಲ ಥಾಯೂ ಬರೂದಿಲ್ಲ, ದಿನಾ ಹೆಂಗ ಕಳೀಬೇಕ್ರಿ?

ಉತ್ತರ: ಅಮ್ಮಾ, ಹೋಗ್ಬನ್ನಿ, ಆದ್ರೆ ತಿಂಗಳು ನೋಡಿ ಹೋಗಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಕಡೆ ಕಾಡು ಗದ್ದೆ ಸುಡೋ ಹೊಗೆ ಕವಿದಿರುತ್ತೆ, ಉಸಿರಿಗೆ ತೊಂದ್ರೆ. ಆರು ತಿಂಗಳು ಅಂದ್ರೆ ಆಗಸ್ಟ್‌ನಲ್ಲಿ ಹೋಗಿ ಜನವರಿ ಕೊನೇಲಿ ವಾಪಸ್ ಬನ್ನಿ, ಮಳೆ ಇರುತ್ತೆ, ಪರ್ವಾಗಿಲ್ಲ, ನವೆಂಬರ್ ಹೊತ್ತಿಗೆ ತಂಪು. ಆಗ ನಮ್ಮ ಕಾರ್ತಿಕ ಹುಣ್ಣಿಮೆ ಹೊತ್ತಿಗೇ ಅಲ್ಲೂ ಬಾಳೆದಿಂಡಿನ ದೊಪ್ಪೆ ಮಾಡಿ, ಹೂವು ದೀಪ ಇಟ್ಟು ಹೊಳೇಲಿ ತೇಲಿ ಬಿಡ್ತಾರೆ, ಲೋಯ್ ಕ್ರತೊಂಗ್ ಅಂತ ಹೆಸರು, ನೀವೂ ಒಂದು ಬಿಡಿ.

ಮಾತಿಗೆ ಚಿಂತೆ ಮಾಡ್ಬೇಡಿ. ಅಕ್ಕಪಕ್ಕದವ್ರು ನಿಮ್ಮನ್ನ ‘ಯಾಯ್’ ಅಂದ್ರೆ ಅಜ್ಜಿ ಅಂತ ಕರೆದಾರು, ಅಲ್ಲಿ ಅಣ್ಣ ಅಕ್ಕ ಎರಡಕ್ಕೂ ‘ಪೀ’, ತಮ್ಮ ತಂಗಿಗೆ ‘ನೋಂಗ್’, ನಮ್ಮ ಹಾಗೆ ಗೊತ್ತಿಲ್ಲದವ್ರನ್ನೂ ಸಂಬಂಧ ಹಚ್ಚಿ ಕರೀತಾರೆ. ಬೆಳಿಗ್ಗೆ ಬಾಗಿಲಲ್ಲಿ ಕಂಡ್ರೆ ‘ಕಿನ್ ಖಾವ್ ರೂ ಯಂಗ್’ ಅಂತಾರೆ, ಊಟ ಆತೇನ್ರಿ ಅಂತ, ಹುಬ್ಬಳ್ಳಿಯಲ್ಲಿ ಕೇಳೋ ಹಾಗೇನೇ. ಉಂಡಿದ್ರೆ ‘ಕಿನ್ ಲೇವ್ ಖಾ’ ಅನ್ನಿ. ಉಂಡಿಲ್ಲಾಂದ್ರೆ ‘ಯಂಗ್ ಖಾ’ ಅನ್ನಿ, ಆದ್ರೆ ಹಾಗಂದ್ರೆ ಎಲೇಲಿ ಸುತ್ತಿದ ಅಂಟು ಅಕ್ಕಿ ಅನ್ನನೋ ಹಣ್ಣೋ ಏನಾದ್ರೂ ತಂದುಕೊಟ್ಟಾರು, ಒಳಗೆ ಮಾಂಸ ಇದೆಯಾ ಅಂತ ಮಗನ್ನ ಕೇಳಿಸಿ, ಇಲ್ಲಾಂದ್ರೆ ಎರಡೂ ಕೈಲಿ ತಗೊಳ್ಳಿ, ಮಾರನೇ ದಿನ ನೀವು ಒಯ್ದಿರೋ ಶೇಂಗಾ ಹೋಳಿಗೆ ಅದೇ ತಟ್ಟೇಲಿಟ್ಟು ವಾಪಸ್ ಕೊಡಿ.