ಹಠ ವಿಜ್ಞಾನದ್ದಲ್ಲ, ಮನುಷ್ಯರದ್ದು

"ಹೊಸ ವಿಚಾರ ಬಂದಾಗ ದೊಡ್ಡ ವಿಜ್ಞಾನಿಗಳೇ ಅಡ್ಡ ನಿಲ್ಲುತ್ತಾರೆ. ಹಾಗಾದರೆ ವಿಜ್ಞಾನವೂ ಒಂದು ಕುರುಡು ನಂಬಿಕೆ ಅಲ್ವಾ?" ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಡಾನ್ ಶೆಕ್ಟ್‌ಮನ್ ಅವರ ಕಥೆ ನೋಡಿ.

1982ರ ಏಪ್ರಿಲ್‌ನಲ್ಲಿ ಇಸ್ರೇಲಿನ ಈ ವಿಜ್ಞಾನಿ ಅಮೆರಿಕದಲ್ಲಿದ್ದರು. ಅಲ್ಯೂಮಿನಿಯಂ ಮತ್ತು ಮ್ಯಾಂಗನೀಸ್ ಬೆರೆತ ಲೋಹವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಹತ್ತು ಹತ್ತು ಚುಕ್ಕೆಗಳ ಬಳೆಗಳು ಕಂಡವು. ಹರಳಿನಲ್ಲಿ (ಕ್ರಿಸ್ಟಲ್) ಪರಮಾಣುಗಳ ಒಂದೇ ಜೋಡಣೆ ಮತ್ತೆ ಮತ್ತೆ ಬರಬೇಕು, ಹಾಗಾಗಿ ಇಂಥ ಹತ್ತರ ಬಳೆ ಸಾಧ್ಯವೇ ಇಲ್ಲ ಎನ್ನುತ್ತಿದ್ದವು ಪಠ್ಯಪುಸ್ತಕಗಳು. ತಂಡದ ಮುಖ್ಯಸ್ಥರು ಪುಸ್ತಕ ಕೊಟ್ಟು ಓದಲು ಹೇಳಿದರು. ಆಮೇಲೆ ತಂಡ ಬಿಟ್ಟು ಹೋಗಲು ಹೇಳಿದರು. ಈ ಕಥೆ ಓದುವಾಗ ನನಗೆ ನಿಜಕ್ಕೂ ಬೇಸರವಾಯಿತು.

ಎರಡು ನೊಬೆಲ್ ಪಡೆದಿದ್ದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಕೂಡ ವಿರೋಧಿಸಿದರು. ಅವರ ಮೊದಲ ಅನುಮಾನ ಸರಿಯಾದದ್ದೇ. ಮಾಮೂಲಿ ಹರಳುಗಳೇ ಬೇರೆ ಬೇರೆ ದಿಕ್ಕಿಗೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದರೂ (ಇವು ಅವಳಿ ಹರಳುಗಳು) ಅಂಥ ಚಿತ್ರ ಬರುತ್ತದೆ. ಶೆಕ್ಟ್‌ಮನ್ ಕೂಡ ಅದನ್ನೇ ಮೊದಲು ಹುಡುಕಿದ್ದರು, ಸಿಗಲಿಲ್ಲ. ಬೇರೆಯವರು ಸಾಕ್ಷಿ ಕೊಟ್ಟ ಮೇಲೂ ಪಾಲಿಂಗ್ ಹೊಸ ಹೊಸ ಲೆಕ್ಕ ಹಾಕುತ್ತಲೇ ಹೋದರು. ಅನುಮಾನ ಹಠವಾದದ್ದು ಅಲ್ಲಿ.

ಉಳಿದವರು ಸುಮ್ನೆ ಕೂರಲಿಲ್ಲ, ಪರೀಕ್ಷಿಸಿ ಒಪ್ಪಿದರು. 1992ರಲ್ಲಿ ಹರಳು ಅಂದರೆ ಏನು ಎಂಬ ವ್ಯಾಖ್ಯೆಯೇ ಬದಲಾಯಿತು. 2011ರಲ್ಲಿ ಶೆಕ್ಟ್‌ಮನ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು.